ಹಿಂದೆ ಬಿದ್ದವರೊಡನೆ ಒಂದು ಒಡಂಬಡಿಕೆ

ನಾನು ಅಧ್ಯಾಪಕನಾಗಿದ್ದ ಕಾಲದಲ್ಲಿ, ಹಾಜರಿ ಸಾಲದೆ ಪರೀಕ್ಷೆಗೆ ಕೂರಲಾಗದವರ ಪಟ್ಟಿಯನ್ನು ವರ್ಷದ ಕೊನೆಗೆ ಸೂಚನಾ ಫಲಕಕ್ಕೆ ಅಂಟಿಸುತ್ತಿದ್ದೆವು. ಒಂದು ವರ್ಷ ಆ ಪಟ್ಟಿಯಲ್ಲಿದ್ದ ಹುಡುಗನೊಬ್ಬನು ಮತ್ತೆ ಕಾಲೇಜಿಗೆ ಬರಲಿಲ್ಲ. ತಂದೆ ಹಾಸಿಗೆ ಹಿಡಿದಿದ್ದರಿಂದ ಅವನೇ ಅಂಗಡಿಯಲ್ಲಿ ಕೂರುತ್ತಿದ್ದನೆಂದು ಬಹಳ ಕಾಲದ ಮೇಲೆ ತಿಳಿಯಿತು. ‘ಏನಾಯಿತಪ್ಪಾ?’ ಎಂದು ನಮ್ಮಲ್ಲಿ ಒಬ್ಬರೂ ಅವನನ್ನು ಕೇಳಿರಲಿಲ್ಲ.

ನಾವು ಕೇಳದೆಹೋದ ಆ ಪ್ರಶ್ನೆಗೆ ಅಮೆರಿಕದ ಕಾಲೇಜುಗಳಲ್ಲಿ ನಿಯಮದಲ್ಲಿಯೇ ಎಡೆಯುಂಟು. ಅಲ್ಲಿಯ 1965ರ ಉನ್ನತ ಶಿಕ್ಷಣ ಕಾಯಿದೆಯ ಮೇರೆಗೆ ಸರ್ಕಾರದ ನೆರವು ಪಡೆಯುವವರ ವ್ಯಾಸಂಗವು ತೃಪ್ತಿಕರವಾಗಿ ಮುಂದುವರಿಯುತ್ತಿರಬೇಕು. ಮುಖ್ಯ ಅಳತೆಗೋಲುಗಳು ಎರಡು: ಅಂಕಗಳ ಸರಾಸರಿ ಮತ್ತು ಮುನ್ನಡೆಯ ವೇಗ. 120 ಕ್ರೆಡಿಟ್‌ಗಳ ಪದವಿಯನ್ನು, ತೇರ್ಗಡೆಯಾಗದವುಗಳನ್ನೂ ಲೆಕ್ಕ ಹಿಡಿದು, 180 ಕ್ರೆಡಿಟ್‌ಗಳ ಪ್ರಯತ್ನದೊಳಗೆ ಮುಗಿಸಬೇಕು. ಎಡವಿದವರಿಗೆ ನೆರವು ನಿಲ್ಲಬಹುದು. ಬಡವರ ಮಕ್ಕಳಿಗೆ ನೆರವು ನಿಂತಿತೆಂದರೆ ಓದೇ ನಿಂತಂತೆ.

ಆದರೆ ಹಾಗೆ ನಿಲ್ಲುವ ಮುನ್ನ ಕೆಲವು ಮೆಟ್ಟಿಲುಗಳಿವೆ. 2011ರ ಜುಲೈಯಿಂದ ಜಾರಿಗೆ ಬಂದ ನಿಯಮಗಳಂತೆ, ಸೆಮಿಸ್ಟರಿಗೊಮ್ಮೆ ಪ್ರಗತಿಯನ್ನು ಪರಿಶೀಲಿಸುವ ಕಾಲೇಜು ಮೊದಲ ಸಲ ಬರಿಯ ಎಚ್ಚರಿಕೆ ಕೊಡಬಹುದು. ಮತ್ತೆ ಎಡವಿದರೆ, ಕಾಲೇಜು ಅವಕಾಶವಿತ್ತಿದ್ದಲ್ಲಿ, ಮೇಲ್ಮನವಿ ಸಲ್ಲಿಸಬಹುದು. ಬಂಧುವಿನ ಮರಣ, ಕಾಯಿಲೆ, ಇನ್ನಾವುದೇ ವಿಶೇಷ ಸಂದರ್ಭ ಅದಕ್ಕೆ ಆಧಾರ. ಅದರಲ್ಲಿ ಎರಡು ಪ್ರಶ್ನೆಗಳಿಗೆ ಉತ್ತರವಿರಬೇಕು: ಆದದ್ದೇನು? ಈಗ ಬದಲಾಗಿರುವುದೇನು?

ಮನವಿಗೆ ಒಪ್ಪಿಗೆ ದೊರೆತರೂ ಒಂದೇ ಅವಧಿಯಲ್ಲಿ ಚೇತರಿಸಿಕೊಳ್ಳಲಾರದವರಿಗಾಗಿ ವ್ಯಾಸಂಗ ಯೋಜನೆಯೊಂದು ಸಿದ್ಧವಾಗುತ್ತದೆ. ಯಾವ ವಿಷಯಗಳನ್ನು ಓದಬೇಕು, ಎಷ್ಟು ಅಂಕ ಗಳಿಸಬೇಕು, ಸಲಹೆಗಾರರನ್ನು ಯಾವಾಗ ಕಾಣಬೇಕು ಎಂಬುದೆಲ್ಲ ಅದರಲ್ಲಿ ಬರಬಹುದು. ಎಷ್ಟೋ ಕಾಲೇಜುಗಳಲ್ಲಿ ವಿದ್ಯಾರ್ಥಿಯು ಅದನ್ನು ಓದಿ ಸಹಿ ಹಾಕುತ್ತಾನೆ. ಇಲ್ಲಿಯ ಸ್ವಾರಸ್ಯವೆಂದರೆ, ಒಟ್ಟು ಸರಾಸರಿ ಇನ್ನೂ ಕೆಳಗಿದ್ದರೂ ಯೋಜನೆಯಂತೆ ನಡೆಯುತ್ತಿರುವವನಿಗೆ ನೆರವು ಮುಂದುವರಿಯುತ್ತದೆ. ಬಿದ್ದ ಆಳವನ್ನಲ್ಲ, ಏಳುತ್ತಿರುವ ರೀತಿಯನ್ನು ಅಳೆಯುವ ಕ್ರಮವಿದು.

ದೋಷವಿಲ್ಲದ ವ್ಯವಸ್ಥೆಯೇನೂ ಇದಲ್ಲ. ರಾತ್ರಿಯೆಲ್ಲ ದುಡಿದು ಬಂದವನಿಗೆ ಹಗಲು ಭೇಟಿಗಳ ಪಟ್ಟಿಯೊಂದನ್ನು ಕೊಟ್ಟು ಸಹಿ ಹಾಕೆಂದರೆ ಅದು ಒಡಂಬಡಿಕೆಯಾಗದು, ಬೆದರಿಕೆಯಾದೀತು. ಒಡಂಬಡಿಕೆಗೆ ಎರಡು ಕೈಗಳು ಬೇಕು. ಓದುತ್ತೇನೆಂದು ವಿದ್ಯಾರ್ಥಿ ಮಾತು ಕೊಡುವಂತೆ, ಕಲಿಸುತ್ತೇವೆ, ಕಾಯುತ್ತೇವೆ ಎಂದು ಕಾಲೇಜೂ ಮಾತು ಕೊಡಬೇಕು.

ಅಂಗಡಿಯಲ್ಲಿ ಕೂತ ಆ ಹುಡುಗನೊಡನೆ ನಾವು ಅಂಥ ಮಾತನ್ನಾಡಲಿಲ್ಲ. ಕೇಳಬೇಕಾಗಿದ್ದವರಲ್ಲಿ ನಾನೂ ಒಬ್ಬ. ಅದಕ್ಕೆ ಕಾಯಿದೆಯೇನೂ ಬೇಕಿರಲಿಲ್ಲ.