ಬೈಪೋಲಾರ್ ಕಾಯಿಲೆ: ಮಾತ್ರೆ ಬಿಡುವುದು ತವಕ್ಕುಲ್ ಅಲ್ಲ

ರಮಝಾನ್ ಹತ್ತಿರವಾಗುತ್ತಿದ್ದಂತೆ ನಮ್ಮ ಕೆಲವು ಮನೆಗಳಲ್ಲಿ ಬಾಯಿಬಿಟ್ಟು ಯಾರೂ ಕೇಳದ ಪ್ರಶ್ನೆಯೊಂದು ಏಳುತ್ತದೆ. ಮಗನೋ ಸೊಸೆಯೋ ಮಾನಸಿಕ ಕಾಯಿಲೆಗಾಗಿ ಕೆಲವು ವರ್ಷಗಳಿಂದ ಮಾತ್ರೆ ಸೇವಿಸುತ್ತಿರುತ್ತಾರೆ. ಈಗ ಆರೋಗ್ಯವಾಗಿದ್ದಾರೆ. ಒಂದು ತಿಂಗಳು ಮಾತ್ರೆ ಬಿಟ್ಟು ಉಪವಾಸ ಹಿಡಿದರೇನು? ಅಲ್ಲಾಹನ ಮೇಲೆ ಭರವಸೆಯಿಟ್ಟರೆ ಸಾಲದೇ? ಇದನ್ನು ವೈದ್ಯರಲ್ಲಿ ಕೇಳುವುದಿಲ್ಲ, ಮಸೀದಿಯ ಇಮಾಮರಲ್ಲಿಯೂ ಕೇಳುವುದಿಲ್ಲ. ಕೇಳಿದರೆ ಸುದ್ದಿ ಹೊರಬೀಳುತ್ತದೆಂಬ ಭಯ. ಮಾತ್ರೆ ಸದ್ದಿಲ್ಲದೆ ನಿಲ್ಲುತ್ತದೆ. ಈದ್ ಬರುವ ಹೊತ್ತಿಗೆ ಮನೆಮಂದಿ ಆಸ್ಪತ್ರೆಯ ಬಾಗಿಲಲ್ಲಿ ನಿಂತಿರುತ್ತಾರೆ.

ಆದ್ದರಿಂದ ಈ ಕಾಯಿಲೆ ಏನು, ಏನಲ್ಲ ಎಂಬುದನ್ನು ನಾವು ತಿಳಿದುಕೊಳ್ಳಬೇಕಾಗಿದೆ.

ಎರಡು ತುದಿಗಳು

ಬೈಪೋಲಾರ್ ಎಂದರೆ ಎರಡು ತುದಿಗಳುಳ್ಳದ್ದು ಎಂದರ್ಥ. ಒಂದು ತುದಿಯಲ್ಲಿ ಉನ್ಮಾದ, ಇನ್ನೊಂದರಲ್ಲಿ ಖಿನ್ನತೆ. ನಡುವೆ ವ್ಯಕ್ತಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಎಲ್ಲರಂತೆಯೇ ಇರಬಹುದು. ಬೆಳಿಗ್ಗೆ ಕೋಪ, ಸಂಜೆ ನಗು ಎಂಬ ಸ್ವಭಾವವನ್ನು ಕೆಲವರು ಬೈಪೋಲಾರ್ ಎನ್ನುತ್ತಾರೆ. ಅದು ತಪ್ಪು. ವೈದ್ಯರು ಉನ್ಮಾದವೆಂದು ಗುರುತಿಸಬೇಕಾದರೆ ಲಕ್ಷಣಗಳು ಸಾಮಾನ್ಯವಾಗಿ ಕನಿಷ್ಠ 7 ದಿನ ಇರಬೇಕು. ಖಿನ್ನತೆಯಾದರೆ ಕನಿಷ್ಠ 2 ವಾರ. ಹೆಚ್ಚಿನವರಲ್ಲಿ ಕಾಯಿಲೆ ಹದಿಹರೆಯದ ಕೊನೆಗೆ ಅಥವಾ 20ರ ಹರೆಯದಲ್ಲಿ ಕಾಣಿಸಿಕೊಳ್ಳುತ್ತದೆ. ಅಂದರೆ ಓದು, ಉದ್ಯೋಗ, ನಿಕಾಹ್‌ನ ಮಾತುಕತೆಗಳು ನಡೆಯುವ ವಯಸ್ಸಿನಲ್ಲೇ.

ಖಿನ್ನತೆಯಲ್ಲಿ ಹಾಸಿಗೆಯಿಂದ ಏಳುವುದೇ ಭಾರ. ಹಸಿವು, ನಿದ್ದೆ ಕೆಡುತ್ತವೆ. ನಮಾಝ್‌ನಲ್ಲಿ ಮನಸ್ಸು ನಿಲ್ಲುವುದಿಲ್ಲ; ಅಲ್ಲಾಹನು ತನ್ನನ್ನು ಕೈಬಿಟ್ಟಿದ್ದಾನೆಂದು ರೋಗಿಗೆ ಅನಿಸಬಹುದು. ಇದನ್ನು ಕಂಡವರು, "ವಿಶ್ವಾಸ ದುರ್ಬಲವಾಗಿದೆ, ಕುರ್‌ಆನ್ ಓದು, ಸರಿಹೋಗುತ್ತದೆ" ಎನ್ನುತ್ತಾರೆ. ಕುರ್‌ಆನ್ ಪಾರಾಯಣದಿಂದ ಸಾಂತ್ವನ ದೊರೆಯುತ್ತದೆ, ನಿಜ. ಆದರೆ ಕಾಲು ಮುರಿದವನಿಗೆ, ನಿನ್ನ ವಿಶ್ವಾಸ ಸರಿಯಿದ್ದರೆ ನಡೆ ಎಂದು ನಾವು ಹೇಳುತ್ತೇವೆಯೇ? ಹತ್ತನೆಯ ಶತಮಾನದ ಮುಸ್ಲಿಮ್ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖೀ ದುಃಖದಲ್ಲಿ ಎರಡು ಬಗೆಯಿದೆ ಎಂದು ಬರೆದಿದ್ದರು. ಒಂದಕ್ಕೆ ಕಾರಣ ಗೊತ್ತಿರುತ್ತದೆ. ಇನ್ನೊಂದು ಕಾರಣವೇ ತಿಳಿಯದೆ ಬರುತ್ತದೆ. ಅದರ ಮೂಲ ದೇಹದಲ್ಲಿರುವುದರಿಂದ ದೇಹಕ್ಕೆ ಚಿಕಿತ್ಸೆ ಬೇಕು ಎಂದರು. ಸಾವಿರ ವರ್ಷಗಳ ಹಿಂದೆ ನಮ್ಮವರೇ ಹೇಳಿದ್ದನ್ನು ನಾವು ಮರೆತಿದ್ದೇವೆ.

ಭಕ್ತಿಯಂತೆ ಕಾಣುವ ಉನ್ಮಾದ

ಖಿನ್ನತೆಗಿಂತ ಉನ್ಮಾದವನ್ನು ಗುರುತಿಸುವುದು ಕಷ್ಟ. ಅದು ಆರಂಭದಲ್ಲಿ ಕಾಯಿಲೆಯಂತೆ ಕಾಣುವುದೇ ಇಲ್ಲ. ಮಾತು ಹೆಚ್ಚುತ್ತದೆ, ಯೋಜನೆಗಳು ಒಂದರ ಮೇಲೊಂದು ಹುಟ್ಟುತ್ತವೆ, ಹಣ ನೀರಿನಂತೆ ಹರಿಯುತ್ತದೆ. ಕೆಲವರಲ್ಲಿ ಇದು ಆರಾಧನೆಯ ರೂಪದಲ್ಲಿ ಬರುತ್ತದೆ. ರಾತ್ರಿಯಿಡೀ ನಮಾಝ್, ಇದ್ದದ್ದೆಲ್ಲ ದಾನ, ಸಮುದಾಯವನ್ನು ಸರಿಪಡಿಸಲು ತನ್ನನ್ನೇ ಆರಿಸಲಾಗಿದೆಯೆಂಬ ಮಾತು. ಮನೆಯವರು ಮೊದಲು ಸಂತೋಷಪಡುತ್ತಾರೆ.

ಹಾಗಾದರೆ ವ್ಯತ್ಯಾಸ ತಿಳಿಯುವುದು ಹೇಗೆ? ನಿದ್ದೆಯನ್ನು ಗಮನಿಸಿ. ತಹಜ್ಜುದ್‌ಗಾಗಿ ಎದ್ದವನಿಗೆ ಹಗಲಲ್ಲಿ ಆಯಾಸವಾಗುತ್ತದೆ. ಉನ್ಮಾದದಲ್ಲಿರುವವನು ಎರಡು ಮೂರು ಗಂಟೆ ಮಲಗಿ, ದಿನಗಟ್ಟಲೆ ದಣಿವೇ ಇಲ್ಲದೆ ಓಡಾಡುತ್ತಾನೆ. ತಡೆದರೆ ಸಿಡಿಯುತ್ತಾನೆ. ರಾತ್ರಿಯಿಡೀ ನಮಾಝ್ ಮಾಡಿ ಪ್ರತಿದಿನ ಉಪವಾಸವಿರುತ್ತಿದ್ದ ಅಬ್ದುಲ್ಲಾ ಬಿನ್ ಅಮ್ರ್(ರ)ರಿಗೆ ಪ್ರವಾದಿವರ್ಯರು(ಸ), ದೇಹಕ್ಕೂ ಕಣ್ಣಿಗೂ ಪತ್ನಿಗೂ ನಿನ್ನ ಮೇಲೆ ಹಕ್ಕಿದೆಯೆಂದು ತಿಳಿಹೇಳಿದ್ದರು. ನಿದ್ದೆಯೂ ದೇಹದ ಹಕ್ಕು.

ತೀವ್ರ ಉನ್ಮಾದದಲ್ಲಿ ಆಡಿದ ಮಾತು, ಮಾಡಿದ ಸಹಿ ಕೂಡ ಯೋಚಿಸಬೇಕಾದ ವಿಷಯ. ಬುದ್ಧಿ ಸ್ವಾಧೀನದಲ್ಲಿಲ್ಲದವನು ಸರಿಯಾಗುವವರೆಗೆ ಅವನ ಕರ್ಮಗಳನ್ನು ಬರೆಯಲಾಗುವುದಿಲ್ಲವೆಂದು ಹದೀಸ್ ತಿಳಿಸುತ್ತದೆ. ಆ ಸ್ಥಿತಿಯಲ್ಲಿ ತಲಾಕ್ ಎಂಬ ಮಾತು ಬಂದಿದ್ದರೆ, ಆಸ್ತಿ ಮಾರಿದ್ದರೆ, ನೆರೆಹೊರೆಯವರು ತೀರ್ಪು ಕೊಡುವುದು ಬೇಡ. ವೈದ್ಯರ ವರದಿಯೊಂದಿಗೆ ಅರಿತ ವಿದ್ವಾಂಸರನ್ನು, ಆಸ್ತಿಯ ವಿಷಯವಾದರೆ ವಕೀಲರನ್ನೂ ಕಾಣಬೇಕು.

ಜಿನ್ನ್, ತಾವೀಝ್ ಮತ್ತು ಸರಪಳಿ

ಜಿನ್ನ್‌ಗಳಿವೆಯೆಂದು ನಾವು ನಂಬುತ್ತೇವೆ. ಆದರೆ ಪ್ರತಿಯೊಂದು ಉನ್ಮಾದಕ್ಕೂ ಜಿನ್ನ್ ಕಾರಣವೆಂದು ನಮಗೆ ಯಾರೂ ಕಲಿಸಿಲ್ಲ. ದುಆ ಮಾಡಿ, ಕುರ್‌ಆನ್ ಓದಿ ಊದಿ; ಅದಕ್ಕಾಗಿ ಆಸ್ಪತ್ರೆ ತಪ್ಪಿಸಬೇಕಾಗಿಲ್ಲ. ಹೊಡೆಯುವವರ, ಹೊಗೆ ಹಾಕುವವರ, ಕಟ್ಟಿಹಾಕುವವರ ಕೈಗೆ ಮಾತ್ರ ಒಪ್ಪಿಸಬೇಡಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾಕ್ಕೆ ಬರುತ್ತಿದ್ದ ಮಾನಸಿಕ ರೋಗಿಗಳನ್ನು ಇರಿಸಿಕೊಂಡಿದ್ದ ಒಂದು ಖಾಸಗಿ ಆಶ್ರಯಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದವರು ಓಡಲಾಗಲಿಲ್ಲ. 28 ಮಂದಿ ಪ್ರಾಣ ಕಳಕೊಂಡರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮಾನಸಿಕ ರೋಗಿಯನ್ನು ಸರಪಳಿಯಲ್ಲಿ ಬಂಧಿಸುವಂತಿಲ್ಲ.

ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಈ ಕಾಯಿಲೆಯಿರುವ 100 ಮಂದಿಯಲ್ಲಿ ಸುಮಾರು 70 ಮಂದಿ ಚಿಕಿತ್ಸೆಯ ಹೊರಗಿದ್ದರೆಂದು ಕಂಡುಬಂತು. ಮದ್ದಿಲ್ಲದೆ ಹೀಗಾದುದಲ್ಲ. ಲಿಥಿಯಂ ಉನ್ಮಾದವನ್ನು ತಗ್ಗಿಸುತ್ತದೆಂದು ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ 1949ರಲ್ಲೇ ಪ್ರಕಟಿಸಿದ್ದರು. ಇಂದು ಬೇರೆ ಔಷಧಗಳೂ ಇವೆ. ಇವು ಚಟ ಹಿಡಿಸುವ ಮಾತ್ರೆಗಳಲ್ಲ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳಂತೆ ದೀರ್ಘಕಾಲ ಸೇವಿಸಬೇಕಾದವು. ರೋಗಿ ಚೆನ್ನಾಗಿರುವುದು ಅನೇಕ ವೇಳೆ ಮಾತ್ರೆ ಕೆಲಸ ಮಾಡುತ್ತಿರುವುದರಿಂದಲೇ.

"ಮದುವೆ ಮಾಡಿ, ಸರಿಹೋಗುತ್ತದೆ" ಎಂಬ ಸಲಹೆಯೂ ನಮ್ಮಲ್ಲಿದೆ. ಮದುವೆ ಔಷಧವಲ್ಲ. ಕಾಯಿಲೆ ಹತೋಟಿಯಲ್ಲಿರುವವರು ಒಳ್ಳೆಯ ದಾಂಪತ್ಯ ನಡೆಸುತ್ತಾರೆ. ಆದರೆ ಸಂಗತಿಯನ್ನು ಮುಚ್ಚಿಟ್ಟು ನಿಕಾಹ್ ಮಾಡಿಸುವುದು ಇಬ್ಬರಿಗೂ ಅನ್ಯಾಯ. ಮಾತ್ರೆ ಅಡಗಿಸಿಡಬೇಕಾದ ಮನೆಯಲ್ಲಿ ಮಾತ್ರೆ ಬಹುಕಾಲ ನಡೆಯುವುದಿಲ್ಲ. ಗರ್ಭ ಧರಿಸುವ ಯೋಚನೆಯಿರುವ ಮಹಿಳೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಕೆಲವು ಔಷಧಗಳನ್ನು ಬದಲಿಸಬೇಕಾಗುತ್ತದೆ. ಹೆರಿಗೆಯ ನಂತರದ ವಾರಗಳಲ್ಲಿ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು.

ಉಪವಾಸದ ಪ್ರಶ್ನೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ರಮಝಾನ್‌ನಲ್ಲಿ ಎರಡು ಬದಲಾವಣೆಗಳಾಗುತ್ತವೆ. ತರಾವೀಹ್ ಮತ್ತು ಸಹ್ರಿಯ ನಡುವೆ ನಿದ್ದೆ ತುಂಡಾಗುತ್ತದೆ; ನಿದ್ದೆಗೇಡು ಉನ್ಮಾದವನ್ನು ಎಬ್ಬಿಸಬಲ್ಲದು. ಹಗಲಲ್ಲಿ ದೇಹಕ್ಕೆ ನೀರಿಲ್ಲ. ಲಿಥಿಯಂ ಸೇವಿಸುವವರಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಅದರ ಮಟ್ಟ ಏರಿ ವಿಷವಾಗಬಹುದು. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ತೂರಾಡುವ ನಡೆ, ತೊದಲು ಮಾತು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಆದ್ದರಿಂದ ಶಅಬಾನ್‌ನಲ್ಲೇ ವೈದ್ಯರನ್ನು ಕಾಣಿ. ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆಯನ್ನು ಇಫ್ತಾರ್ ಮತ್ತು ಸಹ್ರಿಯ ಹೊತ್ತಿಗೆ ಹೊಂದಿಸಲು ಸಾಧ್ಯವೇ ಎಂದು ಕೇಳಿ. ಕೆಲವರಿಗೆ ಒಪ್ಪಿಗೆ ಸಿಗುತ್ತದೆ. ಕೆಲವರಿಗೆ ಉಪವಾಸ ಬೇಡವೆನ್ನುತ್ತಾರೆ. ಹಾಗೆಂದರೆ ಬೇಸರ ಬೇಡ. ರೋಗಿಗೆ ವಿನಾಯಿತಿ ಕೊಟ್ಟವನು ಅಲ್ಲಾಹನೇ. ಮುಂದೆ ಸಾಧ್ಯವಾದರೆ ಕಝಾ, ವಾಸಿಯಾಗುವ ನಿರೀಕ್ಷೆಯಿಲ್ಲದ ಕಾಯಿಲೆಯಾದರೆ ಫಿದ್ಯಾ. ಯಾವುದೆಂಬುದನ್ನು ಉಲಮಾಗಳು ತಿಳಿಸುತ್ತಾರೆ. ಚಿಕಿತ್ಸೆ ಪಡೆಯಬಹುದೇ ಎಂದು ಕೇಳಿದವರಿಗೆ ಪ್ರವಾದಿವರ್ಯರು(ಸ) ಪಡೆಯಿರಿ ಎಂದೇ ಹೇಳಿದ್ದರು. ಮುಪ್ಪಿನ ಹೊರತು ಪ್ರತಿ ರೋಗಕ್ಕೂ ಅಲ್ಲಾಹನು ಮದ್ದನ್ನಿಟ್ಟಿದ್ದಾನೆಂದು ಕಲಿಸಿದ್ದರು. ಅವನಿಟ್ಟ ಮದ್ದನ್ನು ಸೇವಿಸಿ ಫಲವನ್ನು ಅವನಿಗೆ ಬಿಡುವುದೇ ತವಕ್ಕುಲ್.

ಮನೆಯವರಿಗೆ ಒಂದು ಮಾತು. ರೋಗಿ ಸಾಯುವ ಮಾತಾಡಿದರೆ ಗದರಬೇಡಿ, ಒಬ್ಬಂಟಿಯಾಗಿ ಬಿಡಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ. ಮತ್ತು ನಾವೆಲ್ಲರೂ, ಉಪವಾಸವಿಲ್ಲದವನನ್ನು ಕಂಡಾಗ ಕಾರಣ ಕೇಳದಿರೋಣ. ನಮ್ಮ ಆ ಒಂದು ಪ್ರಶ್ನೆಗೆ ಹೆದರಿ ಯಾರೋ ಮಾತ್ರೆ ಬಿಟ್ಟಿರಬಹುದು.

ಅಲ್ಲಾಹನು ನಮ್ಮ ರೋಗಿಗಳಿಗೆ ಶಿಫಾ ನೀಡಲಿ, ಅವರ ಸೇವೆ ಮಾಡುವವರಿಗೆ ಸಹನೆಯನ್ನೂ ಪ್ರತಿಫಲವನ್ನೂ ಕರುಣಿಸಲಿ. ಆಮೀನ್.