ಇಂಡಕ್ಷನ್ ಬರ್ನರು ವಿಪರೀತ ಕಾದರೆ ಏನು ನೋಡಬೇಕು?

ಅಂಧೇರಿಯ ನಮ್ಮಂಥ ಇಕ್ಕಟ್ಟಿನ ಅಡುಗೆಮನೆಗಳಲ್ಲಿ ಇಂಡಕ್ಷನ್ ಒಲೆಯ ಒಂದು ಬರ್ನರು ಮಾತ್ರ ವಿಪರೀತ ಕಾದು, ಗಿರಾಕಿಗಳ ಹೊತ್ತಿಗೇ ಬಂದ್ ಆಗುವುದುಂಟು. ಮೆಕ್ಯಾನಿಕನನ್ನು ಕರೆಯುವ ಮೊದಲು ಅದೇ ಪಾತ್ರೆಯನ್ನು ಅಷ್ಟೇ ಪವರಿನಲ್ಲಿ ಪಕ್ಕದ ಬರ್ನರಿಗೆ ಇಟ್ಟು ನೋಡುತ್ತೇವೆ. ತೊಂದರೆ ಅಲ್ಲಿಯೂ ಕಂಡರೆ ದೋಷ ಪಾತ್ರೆಯದ್ದು, ಇಲ್ಲವಾದರೆ ಬರ್ನರಿನದ್ದು.

ಪಾತ್ರೆಯ ತಳ ಡೊಂಕಾಗಿದ್ದರೆ ಗಾಜಿನ ಕೆಳಗಿನ ಸೆನ್ಸರಿಗೆ ಸರಿಯಾದ ಬಿಸಿ ತಿಳಿಯುವುದಿಲ್ಲ. ತಳ ಸಪಾಟಾಗಿರಬೇಕು, ಆಯಸ್ಕಾಂತ ಅಂಟಬೇಕು. ಖಾಲಿ ಪಾತ್ರೆ ಇಟ್ಟು ಮರೆಯಬಾರದು.

ಬರ್ನರಿನದ್ದಾದರೆ ಮೊದಲು ಗಾಳಿಯ ದಾರಿ ನೋಡಿ. ಒಳಗಿನ ತಾಮ್ರದ ಸುರುಳಿ, ಸರ್ಕಿಟ್ ಎರಡನ್ನೂ ತಣ್ಣಗಿಡುವುದು ಫ್ಯಾನು. ವಡೆ, ಪೂರಿ ಕರಿಯುವ ಹೊಗೆಯ ಜಿಡ್ಡು ಜಾಲರಿಗೆ ಕಟ್ಟಿಕೊಂಡರೆ ಅದಕ್ಕೆ ಗಾಳಿಯೇ ಸಿಗದು. ಅಡುಗೆ ಮುಗಿದ ಕೂಡಲೇ ಮೇನ್ ಸ್ವಿಚ್ ತೆಗೆಯಬೇಡಿ. ಫ್ಯಾನು ತಾನಾಗಿ ನಿಲ್ಲಲಿ. ಆಮೇಲೆ ಮೇನ್ ತೆಗೆದು, ಜಾಲರಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಒಲೆಯನ್ನು ಗೋಡೆಗೆ ಒತ್ತಿ ಇಡಬೇಡಿ.

ಆಗಲೂ ಕಾದರೆ ಅಥವಾ ಫ್ಯಾನು ತಿರುಗದಿದ್ದರೆ ಕಂಪನಿಯ ಮೆಕ್ಯಾನಿಕನೇ ಬಿಚ್ಚಲಿ. ಸ್ವಿಚ್ ತೆಗೆದ ಮೇಲೂ ಒಳಗೆ ಸ್ವಲ್ಪ ಹೊತ್ತು ಕರೆಂಟು ಉಳಿದಿರುತ್ತದೆ. ಗಾಜು ಬಿರುಕು ಬಿಟ್ಟಿದ್ದರೆ ಆ ಕ್ಷಣವೇ ಮೇನ್ ಬಂದ್ ಮಾಡಿ. ಸಾಂಬಾರು ಒಳಗಿಳಿದರೆ ಅಡುಗೆಯವರಿಗೆ ಶಾಕ್ ಹೊಡೆಯಬಹುದು. ಒಂದು ದಿನದ ವ್ಯಾಪಾರ ಹೋದರೆ ಮರುದಿನ ಬಂದೀತು, ಜೀವ ಬಾರದು.