ಹಾವಲ್ಲ, ಹಾವುಮೀನು!

ಮೀನನ್ನು ಕುರಿತು ನಾನು ತರಗತಿಯಲ್ಲಿ ಆಡಿರುವಷ್ಟು ಮಾತನ್ನು ಬಹುಶಃ ಯಾವ ಬೆಸ್ತನೂ ತನ್ನ ಜೀವಮಾನದಲ್ಲಿ ಆಡಿರಲಾರ. ಮತ್ಸ್ಯಗಂಧಿಯು ಯೋಜನಗಂಧಿಯಾದ ಕಥೆಯನ್ನು ವರ್ಷಕ್ಕೊಮ್ಮೆ ತಪ್ಪದೆ ಹೇಳುತ್ತೇನೆ. ಮೀನಾಕ್ಷಿ, ಮೀನಕೇತನ ಮುಂತಾದ ಸಮಾಸಗಳನ್ನು ಬಿಡಿಸಿ ತೋರಿಸುತ್ತೇನೆ. ಶಫರಿ, ಪಾಠೀನ, ರೋಹಿತ ಎಂದು ನಿಘಂಟಿನಲ್ಲಿರುವ ಹೆಸರುಗಳನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ. ಇಷ್ಟಾದರೂ ಜೀವಂತ ಮೀನೊಂದನ್ನು ಕೈಯಲ್ಲಿ ಹಿಡಿದವನಲ್ಲ; ತಿಂದವನಂತೂ ಅಲ್ಲವೇ ಅಲ್ಲ.

ಇದಕ್ಕೆ ಕಾರಣ ಮಡಿಯಲ್ಲ. ನಮ್ಮ ಮನೆಯಲ್ಲಿ ಕುರಿಮಾಂಸ ನಿಷಿದ್ಧವಲ್ಲ. ಆದರೆ ನಮ್ಮ ತಾಯಿಯವರು ಚಿಕ್ಕವರಿದ್ದಾಗ ಅವರ ತಮ್ಮನ ಗಂಟಲಿನಲ್ಲಿ ಮೀನಿನ ಮುಳ್ಳು ಸಿಕ್ಕಿ, ಆ ಹುಡುಗ ಮೂರು ದಿನ ಅನ್ನ ನೀರಿಲ್ಲದೆ ನರಳಿದನಂತೆ. ಬದುಕಿಕೊಂಡ, ಈಗ ಮೊಮ್ಮಕ್ಕಳನ್ನು ಕಂಡಿದ್ದಾನೆ. ಆದರೂ ಅಂದಿನಿಂದ ಇಂದಿನವರೆಗೆ ಮೀನೆಂಬುದು ನಮ್ಮ ಹೊಸಿಲನ್ನು ದಾಟಿ ಒಳಗೆ ಬಂದುದಿಲ್ಲ. ತಾಯಿಯ ಅಂಜಿಕೆಯೇ ನನಗೆ ಬಳುವಳಿಯಾಗಿ ಬಂದಿದ್ದಿತು.

ಕಳೆದ ಫಾಲ್ಗುಣದ ಒಂದು ಶನಿವಾರ ನಾವು ಮೂವರು ಅಧ್ಯಾಪಕರು ಬಳ್ಳಾರಿಯಿಂದ ಕುರುಗೋಡಿಗೆ ಹೊರಟೆವು. ಒಬ್ಬರು ಇತಿಹಾಸದವರು, ಇನ್ನೊಬ್ಬರು ಪ್ರಾಣಿಶಾಸ್ತ್ರದವರು, ಮೂರನೆಯವನು ನಾನು. ಕುರುಗೋಡು ಬಳ್ಳಾರಿಗೆ ಸುಮಾರು ೩೦ ಕಿಲೋಮೀಟರು. ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದ ಸಿಂದರು ಅಲ್ಲಿಂದ ಆಳಿದವರು. ದೊಡ್ಡಬಸವೇಶ್ವರನ ಆ ಭಾರಿ ನಂದಿಯನ್ನು ನೋಡಿ, ಬೆಟ್ಟದ ಬುಡದ ಹಳೆಯ ಗುಡಿಗಳನ್ನು ಸುತ್ತಿ, ಮಧ್ಯಾಹ್ನದ ಬಿಸಿಲಿಗೆ ಬಂಡೆಗಳು ಕಾದು ಕೆಂಡವಾಗುವ ವೇಳೆಗೆ ನಾವು ಒಂದು ಬೇವಿನ ಮರದ ನೆರಳನ್ನು ಸೇರಿದೆವು.

ಅಲ್ಲಿ ಮಾತು ಸಿಂದರಿಂದ ಅವರ ಒಡೆಯರಾದ ಚಾಲುಕ್ಯರಿಗೆ ಹೋಯಿತು. ಅಲ್ಲಿಂದ ಮೂರನೆಯ ಸೋಮೇಶ್ವರನಿಗೆ ಬಂದಿತು. ೧೧೨೬ರಿಂದ ೧೧೩೮ರವರೆಗೆ ಆಳಿದ ಈ ದೊರೆ ಯುದ್ಧಕ್ಕಿಂತ ಹೆಚ್ಚಾಗಿ ‘ಮಾನಸೋಲ್ಲಾಸ’ವೆಂಬ ಗ್ರಂಥದಿಂದ ಪ್ರಸಿದ್ಧ. ‘ಸರ್ವಜ್ಞ’ನೆಂಬ ಬಿರುದು ಅವನಿಗಿದ್ದಿತು. ಅರಸನಾದವನು ಏನನ್ನು ಉಣ್ಣಬೇಕು, ಏನನ್ನು ಉಡಬೇಕು, ಹೇಗೆ ಆನೆಯನ್ನು ಪಳಗಿಸಬೇಕು ಎಂಬುದೆಲ್ಲ ಅದರಲ್ಲಿದೆ. ಮೀನು ಹಿಡಿಯುವ ವಿನೋದಕ್ಕೆಂದೇ ಒಂದು ಅಧ್ಯಾಯವನ್ನು ಆತ ಮೀಸಲಿಟ್ಟಿದ್ದಾನೆ. ಕಡಲ ಮೀನು ಯಾವುದು, ಹೊಳೆಯ ಮೀನು ಯಾವುದು, ಯಾವುದಕ್ಕೆ ಪೊರೆಯುಂಟು, ಯಾವುದಕ್ಕಿಲ್ಲ, ಯಾವ ಮೀನಿಗೆ ಯಾವ ಆಹಾರವನ್ನೊಡ್ಡಬೇಕು ಎಂದು ವಿಂಗಡಿಸಿ ಹೇಳಿದ್ದಾನೆ. ಭಾರತದ ಮೀನುಗಳನ್ನು ಕುರಿತು ದೊಡ್ಡ ಕೆಲಸ ಮಾಡಿದ ವಿಜ್ಞಾನಿ ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿ ಈ ಅಧ್ಯಾಯವನ್ನು ಕುರಿತು ಲೇಖನವನ್ನೇ ಬರೆದರು.

“ಅದು ಸಂಸ್ಕೃತದಲ್ಲಿದೆ. ಕನ್ನಡದಲ್ಲಿ ಏನಿದೆ?” ಎಂದರು ಪ್ರಾಣಿಶಾಸ್ತ್ರದವರು.

ನಾನು ಸ್ವಲ್ಪ ಪೇಚಿಗೆ ಸಿಕ್ಕಿದೆ. ಕನ್ನಡದಲ್ಲಿ ಪಾಕಶಾಸ್ತ್ರಕ್ಕೇನೂ ಕೊರತೆಯಿಲ್ಲ. ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ ೧೧ನೆಯ ಶತಮಾನದ್ದು. ಅದರಲ್ಲಿ ಅಡುಗೆಯ ಭಾಗವಿದೆ. ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ೧೬ನೆಯ ಶತಮಾನದ ಆರಂಭದ್ದು. ಮಂಗರಸನು ಜೈನ, ಆತನ ಅಡುಗೆಮನೆಯಲ್ಲಿ ಬದನೆಕಾಯಿಗೆ ರಾಜಮರ್ಯಾದೆ, ಮೀನಿಗೆ ಪ್ರವೇಶವಿಲ್ಲ. ಹೊಳೆಯ ದಂಡೆಯವರು ದಿನವೂ ಉಂಡದ್ದನ್ನು ಬರೆದಿಡುವ ಗೋಜಿಗೆ ನಮ್ಮ ಕವಿಗಳು ಹೋಗಲಿಲ್ಲ.

“ಹಾಗಾದರೆ ಬರೆಯದವರನ್ನೇ ಕೇಳೋಣ ನಡೆಯಿರಿ” ಎಂದರು ಇತಿಹಾಸದವರು. ಸಿರುಗುಪ್ಪದಲ್ಲಿ ಅವರ ಸೋದರಮಾವನ ಗದ್ದೆಯಿದೆ. ಗದ್ದೆಯ ಕೆಳಗೆ ತುಂಗಭದ್ರೆ. ಅಲ್ಲಿ ಎಂಬತ್ತರ ಹತ್ತಿರದ ಒಬ್ಬ ಬೆಸ್ತರ ಮುದುಕ ಇನ್ನೂ ಗಾಳ ಹಾಕುತ್ತಾನೆ. ಸುತ್ತಿನವರಿಗೆಲ್ಲ ಅವನು ‘ತಾತ’.

ಬಳ್ಳಾರಿಯ ಕಲ್ಲುಬೆಟ್ಟಗಳನ್ನೇ ಕಂಡು ಬೆಳೆದ ಕಣ್ಣಿಗೆ ಸಿರುಗುಪ್ಪದ ಹಸುರು ಪ್ರತಿಸಲವೂ ಸೋಜಿಗವೇ. ಒಂದೂವರೆ ಗಂಟೆಯ ಪ್ರಯಾಣದೊಳಗೆ ಬೇರೆಯೇ ಸೀಮೆ. ಭತ್ತದ ಗದ್ದೆ, ಅಕ್ಕಿಯ ಗಿರಣಿ, ಕಾಲುವೆಯ ನೀರಿನ ಸಪ್ಪಳ. ನಾವು ದಂಡೆಯನ್ನು ತಲುಪಿದಾಗ ಹೊತ್ತು ಇಳಿದಿದ್ದಿತು. ಬೇಸಗೆ ಕಾಲಿಟ್ಟಿದ್ದರಿಂದ ಹೊಳೆ ಸೊರಗಿ, ಬಂಡೆಗಳ ನಡುವೆ ಅಲ್ಲಲ್ಲಿ ಮಡುವಾಗಿ ನಿಂತಿದ್ದಿತು. ತಾತ ಒಂದು ಬಂಡೆಯ ಮೇಲೆ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಪಕ್ಕದಲ್ಲಿ ಬೋರಲು ಹಾಕಿದ ಹರಗೋಲು. ಒಂದು ಡಬ್ಬಿಯಲ್ಲಿ ಹಸಿಮಣ್ಣು, ಮಣ್ಣಿನೊಳಗೆ ಎರೆಹುಳು.

“ಕಾಲೇಜಿನ ಸಾರ್‌ಗಳು, ತಾತ. ಮೀನು ಹಿಡಿಯೋದು ನೋಡಬೇಕಂತೆ.”

“ನೋಡೋದೇನೈತೆ? ಹಿಡೀಲಿ” ಎಂದು ದಾರವನ್ನು ನನ್ನ ಕೈಗಿತ್ತ. “ಕತ್ಲಾಗ್ಲಿ. ಅದು ಬೆಳಕಿಗೆ ಬರಂಗಿಲ್ಲ.”

‘ಅದು’ ಎಂದರೆ ಯಾವುದು ಎಂದು ಕೇಳಿದೆ. ತಾತ ಹೆಸರನ್ನು ಹೇಳಲಿಲ್ಲ. ಬಲೆಗಾರರಿಗೂ ಬೇಟೆಗಾರರಿಗೂ ಸಿಕ್ಕುವ ಮೊದಲೇ ಹೆಸರೆತ್ತಬಾರದೆಂಬ ನಂಬಿಕೆಯಿದ್ದೀತು.

ಕತ್ತಲಾಯಿತು. ಬಂಡೆಯ ಸಂದಿಗೆ ಇಳಿಬಿಟ್ಟ ದಾರ ತೋರುಬೆರಳಿನ ಮೇಲೆ ಹಾದುಹೋಗಿದ್ದಿತು. ಮೊದಮೊದಲು ನೀರಿನ ಸೆಳೆತವನ್ನೇ ಮೀನೆಂದು ಭ್ರಮಿಸಿ ನಾಲ್ಕು ಸಲ ಎಳೆದೆ. ನಾಲ್ಕು ಸಲವೂ ತಾತ ಮಾತಿಲ್ಲದೆ ಹೊಸ ಹುಳುವನ್ನು ಚುಚ್ಚಿಕೊಟ್ಟ. ಐದನೆಯ ಸಲ ಬೆರಳಿಗೆ ತಾಗಿದುದು ಸೆಳೆತವಲ್ಲ. ಯಾರೋ ಕದವನ್ನು ಮೆಲ್ಲನೆ ಬಡಿದಂತೆ ಎರಡು ಬಡಿತ. ಎಳೆದೆ. ದಾರ ಬರಲೊಲ್ಲದು! ನೀರಿನ ಕೆಳಗೆ ಏನೋ ಹಿಂದಕ್ಕೆ ಹಿಂದಕ್ಕೆ ಸರಿದು ಕಲ್ಲಿನೊಳಗೆ ಹೊಕ್ಕು ಬೀಗ ಹಾಕಿಕೊಂಡಂತಿದ್ದಿತು. “ಜಗ್ಗಬ್ಯಾಡ್ರಿ ಸಾರ್, ಹರೀತೈತೆ. ಸುಮ್ನಿರ್ರಿ. ಬಿಡ್ತೈತೆ” ಎಂದ ತಾತ. ಸುಮ್ಮನಿದ್ದೆವು. ಎಷ್ಟು ಹೊತ್ತೋ ತಿಳಿಯದು. ದಾರ ಸಡಿಲವಾದುದೇ ತಡ, ಒಂದೇ ಎಳೆತಕ್ಕೆ ಮೇಲಕ್ಕೆ ಬಂದು ಬಂಡೆಯ ಮೇಲೆ ಬಿದ್ದಿತು.

ನಾನು ಹೌಹಾರಿ ಹಿಂದಕ್ಕೆ ಜಿಗಿದೆ. ಬಿದ್ದುದು ಹಾವು! ಒಂದೂವರೆ ಮೊಳದ ಕಂದು ಮೈ, ಮೈಮೇಲೆ ಅಂಕುಡೊಂಕಾದ ಕಪ್ಪು ಗೆರೆ, ಬಳುಕುತ್ತ ಬಂಡೆಯ ಅಂಚಿಗೆ ಹರಿಯುತ್ತಿದ್ದಿತು.

“ಹಾವಲ್ಲ ಸಾರ್, ಹಾವುಮೀನು!” ತಾತನ ನಗೆ ಆಚೆಯ ದಡಕ್ಕೂ ಕೇಳಿಸಿರಬೇಕು.

ನನ್ನ ಅಂಜುಬುರುಕತನವನ್ನು ಮರೆಮಾಚುವ ಆತುರದಲ್ಲಿ ಕೈಯಿಕ್ಕಿ ಅದರ ಬೆನ್ನನ್ನು ಹಿಡಿದೆ. ಮರುಕ್ಷಣವೇ ಅಂಗೈಯಲ್ಲಿ ಹತ್ತು ಸೂಜಿ ನಾಟಿದಂತಾಯಿತು. ಅದರ ಬೆನ್ನಿನುದ್ದಕ್ಕೂ ಗರಗಸದ ಹಲ್ಲಿನಂತೆ ಬಿಡಿಬಿಡಿಯಾದ ಮುಳ್ಳುಗಳಿವೆ. ಸುಮ್ಮನಿರುವಾಗ ಮಲಗಿರುತ್ತವೆ, ಮುಟ್ಟಿದರೆ ಏಳುತ್ತವೆ. ಕಲ್ಲಿನ ಸಂದಿಯಲ್ಲಿ ಅದು ಬೀಗ ಹಾಕಿಕೊಂಡುದೂ ಈ ಮುಳ್ಳುಗಳಿಂದಲೇ ಇರಬೇಕು. ತಾತ ಕೈಯನ್ನು ತೊಳೆಸಿ ಅರಿಸಿನ ಮೆತ್ತಿದ.

ಪ್ರಾಣಿಶಾಸ್ತ್ರದವರು ಟಾರ್ಚನ್ನು ಹಿಡಿದು ಮಂಡಿಯೂರಿದರು. “ಮ್ಯಾಸ್ಟಸೆಂಬೆಲಸ್ ಆರ್ಮೇಟಸ್! ೧೮೦೦ರಲ್ಲಿ ಲಾಸೆಪೆದ್ ಎಂಬ ಫ್ರೆಂಚ್ ವಿಜ್ಞಾನಿ ಇಟ್ಟ ಹೆಸರು. ಇಪ್ಪತ್ತು ವರ್ಷದಿಂದ ಇದನ್ನು ಗಾಜಿನ ಭರಣಿಯಲ್ಲಿ ನೋಡುತ್ತಿದ್ದೇನೆ. ಅಲ್ಲಿ ಬಿಳಿಚಿಕೊಂಡಿರುತ್ತದೆ. ಈ ಬಣ್ಣವಿದೆಯೆಂದು ತಿಳಿದೇ ಇರಲಿಲ್ಲ” ಎಂದರು. ನೋಡಲು ಹಾವಿನಂತಿದ್ದರೂ ಕಿವಿರು, ಈಜುರೆಕ್ಕೆಗಳುಳ್ಳ ಅಪ್ಪಟ ಮೀನು; ಹಗಲೆಲ್ಲ ಮರಳಿನಲ್ಲೋ ಕಲ್ಲಿನಡಿಯಲ್ಲೋ ಹುದುಗಿದ್ದು ಇರುಳಿನಲ್ಲಿ ಹುಳುಹುಪ್ಪಟೆಗಳನ್ನು ಅರಸುತ್ತದೆ; ಇದರ ವಂಶದವು ಭಾರತದಿಂದ ಆಗ್ನೇಯ ಏಷ್ಯದವರೆಗೂ ಹೊಳೆಗಳಲ್ಲಿವೆ ಎಂದು ವಿವರಿಸಿದರು. ಮೂತಿಯ ತುದಿಯಲ್ಲಿ ಆನೆಮರಿಯ ಸೊಂಡಿಲಿನಂಥ ಒಂದು ಮೆತ್ತನೆಯ ಕುಡಿ. ಕಣ್ಣೋ, ಸಾಸಿವೆಗಿಂತ ಸ್ವಲ್ಪ ದೊಡ್ಡದು. ಯಾವ ಕವಿಯೂ ತನ್ನ ನಾಯಿಕೆಯನ್ನು ಈ ಮೀನಿನ ಕಣ್ಣಿನವಳೆಂದು ಹೊಗಳಲಾರ.

ಇನ್ನು ಅಡುಗೆ. ಗೃಹಿಣಿಯರು ಇದನ್ನು ಓದುತ್ತಿರಬಹುದಾದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮೊದಲು ಬೂದಿ. ಹಾವುಮೀನಿನ ಮೈ ಲೋಳೆಲೋಳೆ, ಕೈಯಲ್ಲಿ ನಿಲ್ಲದು. ತಾತ ಬೂದಿಯಲ್ಲಿ ಅದನ್ನು ಹೊರಳಿಸಿ ಉಜ್ಜಿ ತೊಳೆದ. ಬಳಿಕ ಬೆನ್ನಿನ ಮುಳ್ಳಿನ ಸಾಲನ್ನು ಎರಡೂ ಕಡೆ ಕೊಯ್ದು, ಬಾಲದ ಕಡೆಯಿಂದ ಒಂದು ಪಟ್ಟಿಯಂತೆ ಕಿತ್ತುಹಾಕಿದ. ಹೊಟ್ಟೆಯನ್ನು ಸೀಳಿ ಚೊಕ್ಕಟ ಮಾಡಿದ. ಕಲ್ಲಿನ ಮೇಲೆ ಬೆಳ್ಳುಳ್ಳಿ, ಉಪ್ಪು, ಒಣಮೆಣಸಿನಕಾಯಿ, ಅರಿಸಿನಗಳನ್ನು ಹುಣಸೆಹಣ್ಣಿನೊಡನೆ ಅರೆದು ಒಳಗೂ ಹೊರಗೂ ಸವರಿ, ಕಾಲುಗಂಟೆ ಸುಮ್ಮನೆ ಬಿಟ್ಟ.

ಬೆಂಕಿ ಜಾಲಿಯದು. ಕನ್ನಡನಾಡಿನ ಉದ್ದಗಲಕ್ಕೂ ‘ಬಳ್ಳಾರಿ ಜಾಲಿ’ ಎಂದು ಹೆಸರಾದ ಮರ. ಹೆಸರು ನಮ್ಮೂರಿನದಾದರೂ ಮರ ಅಮೆರಿಕ ಖಂಡದ್ದು. ೧೯ನೆಯ ಶತಮಾನದಲ್ಲಿ ಭಾರತಕ್ಕೆ ಬಂದುದು. ತಾತ ಅರೆದ ಮೆಣಸಿನಕಾಯಿಯೂ ಅಲ್ಲಿಯದೇ, ಪೋರ್ಚುಗೀಸರು ತಂದದ್ದು. ಸೋಮೇಶ್ವರನ ಅಡುಗೆಭಟ್ಟನಿಗೆ ಕಾಳುಮೆಣಸೇ ಗತಿಯಾಗಿದ್ದಿತು. ಪರದೇಶದ ಸೌದೆಯನ್ನೂ ಪರದೇಶದ ಕಾರವನ್ನೂ ನಾನು ಹುಟ್ಟಿದಾರಭ್ಯ ಬಲ್ಲೆ. ಆ ಒಲೆಯ ಮೇಲೆ ಈ ನೆಲದ್ದೇ ಆದ ಮೀನೊಂದು ಮಾತ್ರ ನನಗೆ ಅಪರಿಚಿತ!

ಉರಿಯೆಲ್ಲ ಆರಿ ಕೆಂಡ ಉಳಿಯುವವರೆಗೆ ತಾತ ಕಾದ. “ಉರೀಲಿ ಸುಟ್ರ ಹೊರಗ ಕರಕ, ಒಳಗ ಹಸಿ” ಎಂದ. ಹಸಿಕಡ್ಡಿಗೆ ಸುರುಳಿಯಾಗಿ ಪೋಣಿಸಿದ ಮೀನನ್ನು ಎರಡು ಕಲ್ಲುಗಳ ಮೇಲೆ ಅಡ್ಡಲಾಗಿಟ್ಟು ತಿರುಗಿಸುತ್ತ ಹೋದ. ಅದರ ಕೊಬ್ಬು ತೊಟ್ಟಿಕ್ಕಿದಾಗಲೆಲ್ಲ ಕೆಂಡ ‘ಚುಂಯ್’ ಎನ್ನುತ್ತಿದ್ದಿತು.

ತಿರುಗಿಸುತ್ತಲೇ ತಾತ ತನ್ನ ಕಥೆಯನ್ನು ಹೇಳಿದ. ತಾನು ಹುಡುಗನಾಗಿದ್ದಾಗ ಹೊಳೆಯ ಬಣ್ಣವನ್ನು ನೋಡಿ ನೀರು ಏರುವುದನ್ನು ಹೇಳುತ್ತಿದ್ದರಂತೆ. ಹೊಸಪೇಟೆಯ ಅಣೆಕಟ್ಟಿನಲ್ಲಿ ನೀರು ನಿಂತುದು ೧೯೫೩ರಲ್ಲಿ. ಆಮೇಲೆ ಹೊಳೆಗೆ ತನ್ನದೇ ಮನಸ್ಸಿಲ್ಲ, ಮೇಲೆ ಬಿಟ್ಟರೆ ಉಂಟು, ಬಿಡದಿದ್ದರೆ ಇಲ್ಲ. ೨೦೨೪ರ ಆಗಸ್ಟಿನಲ್ಲಿ ೧೯ನೆಯ ಗೇಟು ಕೊಚ್ಚಿಹೋದ ರಾತ್ರಿ ಮಾತ್ರ ಹಳೆಯ ಹೊಳೆಯ ಸದ್ದು ಮತ್ತೆ ಕೇಳಿಸುವುದೆಂದು ಹರಗೋಲನ್ನು ಮೇಲಕ್ಕೆಳೆದು ಕಾದಿದ್ದನಂತೆ. ಈಗ ಬಲೆಗೆ ಬೀಳುವುದೆಲ್ಲ ‘ಜಿಲೇಬಿ’. ಅದು ೧೯೫೨ರಲ್ಲಿ ಭಾರತಕ್ಕೆ ಬಂದ, ಆಫ್ರಿಕ ಮೂಲದ ತಿಲಾಪಿಯ ಜಾತಿ ಎಂದು ಪ್ರಾಣಿಶಾಸ್ತ್ರದವರು ಸೇರಿಸಿದರು. “ಮಳ್ಳು ತೆಗೆದ್ರ ಹಾವುಮೀನು ಎಲ್ಲಿ ಮಲಗಬೇಕು ಸಾರ್?” ಎಂದ ತಾತ. ಮಳ್ಳೆಂದರೆ ಮರಳು. ಅವನ ಇಬ್ಬರು ಮಕ್ಕಳೂ ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯುತ್ತಾರೆ. ಮೊಮ್ಮಗನಿಗೆ ಗಾಳಕ್ಕೆ ಹುಳು ಚುಚ್ಚಲು ಹೇಸಿಕೆ. ಇದನ್ನು ತಾತ ದೂರಾಗಿ ಹೇಳಲಿಲ್ಲ. ಮೀನನ್ನು ಮಗುಚಿದ, ಅಷ್ಟೆ.

ಜೋಳದ ರೊಟ್ಟಿಯ ಮೇಲೆ ಒಂದು ತುಂಡನ್ನಿಟ್ಟು ಕೊಟ್ಟಾಗ ನನ್ನ ಗಂಟಲು ಬಿಗಿಯಿತು. ತಾಯಿಯ ತಮ್ಮನ ಮೂರು ದಿನಗಳು ಕಣ್ಣಮುಂದೆ ಬಂದುವು. ಸಂಕೋಚವನ್ನು ಬಿಟ್ಟು ತಾತನಿಗೆ ಇದ್ದುದನ್ನು ಇದ್ದಂತೆಯೇ ಹೇಳಿದೆ. ಆತ ನಗಲಿಲ್ಲ. ತುಂಡನ್ನು ಮರಳಿ ತೆಗೆದುಕೊಂಡು, ನಡುವಿನ ಎಲುಬನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲನೆ ಎಳೆದ. ಜುಟ್ಟಿನಿಂದ ಹೂವಿನ ದಂಡೆ ಬಿಡಿಸಿಕೊಂಡು ಬರುವಂತೆ ಇಡಿಯಾಗಿ ಬಂದಿತು. “ಬೆನ್ನಿನ ಮುಳ್ಳು ಕೈಗೆ, ಬಾಯಿಗಲ್ಲ. ಕೈಗೆ ಆಗ್ಲೆ ಚುಚ್ಚೈತೆ. ಇನ್ನೇನಂಜಿಕಿ? ತಿನ್ನ್ರಿ.”

ತಿಂದೆ. ರುಚಿಯನ್ನು ಬಣ್ಣಿಸುವುದು ನನ್ನ ವೃತ್ತಿಗೆ ಸೇರಿದ ಕೆಲಸವಾದರೂ ಅಂದು ಉಪಮಾನಗಳು ಒದಗಲಿಲ್ಲ. ತೊಗಲು ಹಪ್ಪಳದಂತೆ ಗರಿ. ಒಳಗಿನ ಮಾಂಸ ಬಿಳಿ, ಗಟ್ಟಿ, ಕೊಂಚ ಸಿಹಿ. ಹುಣಸೆಯ ಹುಳಿಯ ಹಿಂದೆ ಹೊಗೆಯ ವಾಸನೆ. ಎರಡನೆಯ ತುಂಡನ್ನು ನಾನೇ ಕೇಳಿ ತೆಗೆದುಕೊಂಡೆ ಎಂದರೆ ಸಾಕು. ಪ್ರಾಣಿಶಾಸ್ತ್ರದವರು ತಿಂದಾದ ಮೇಲೆ ಎಲುಬನ್ನು ಟಾರ್ಚಿನ ಬೆಳಕಿನಲ್ಲಿ ಎಣಿಸುತ್ತ ಕುಳಿತರು.

ರಾತ್ರಿ ಗದ್ದೆಯ ಮನೆಯಲ್ಲಿ ಮಲಗಿ ಬೆಳಗಿನ ಬಸ್ಸಿಗೆ ಹೊರಟೆವು. ನಿಲ್ದಾಣಕ್ಕೆ ತಾತನ ಮೊಮ್ಮಗ ಓಡುತ್ತ ಬಂದು ಬಾಳೆಯೆಲೆಯ ಒಂದು ಪೊಟ್ಟಣವನ್ನು ನನ್ನ ಕೈಗಿಟ್ಟ. “ನಿಮ್ಮಮ್ಮಗ ಕೊಡ್ಬೇಕಂತ ತಾತ ಹೇಳ್ಯಾನ್ರಿ. ನಡುವಿನೆಲುಬು ತೆಗ್ದಿಲ್ಲಂತ, ಆಕಿನೇ ತೆಗೀಬೇಕಂತ.” ಬಸ್ಸು ತೆಕ್ಕಲಕೋಟೆಯನ್ನು ದಾಟುವ ಹೊತ್ತಿಗೆ ಕಂಡಕ್ಟರು ಮೂಗರಳಿಸುತ್ತ ನಮ್ಮ ಆಸನದ ಬಳಿ ನಿಂತರು. ಮತ್ಸ್ಯಗಂಧಿಯ ಕಥೆ ನೆನಪಾಗಿ ನನಗೆ ನಾಚಿಕೆಯಾಯಿತು. ಇಳಿಸಿಯೇಬಿಡುತ್ತಾರೆ ಎಂದುಕೊಂಡೆ. “ಹಾವುಮೀನಾ ಸಾರ್?” ಎಂದರು ಅವರು ತಗ್ಗಿದ ದನಿಯಲ್ಲಿ. “ಎಲ್ಲಿ ಸಿಕ್ತು?”

ಬಳ್ಳಾರಿಯ ಮನೆಯಲ್ಲಿ ತಾಯಿಯವರು ಪೊಟ್ಟಣವನ್ನು ಬಿಚ್ಚಿ ಬಹಳ ಹೊತ್ತು ನೋಡಿದರು. ನಾನು ತಾತನ ಮಾತನ್ನು ಒಪ್ಪಿಸಿ ಸ್ನಾನಕ್ಕೆ ಹೋದೆ. ಬಂದು ನೋಡಿದಾಗ ಎಲೆಯ ಅಂಚಿನಲ್ಲಿ ಮೀನಿನ ನಡುವೆಲುಬು ಒಂದೇ ಒಂದಾಗಿ ಬಿದ್ದಿದ್ದಿತು, ಮುರಿಯದೆ.

“ಉಪ್ಪು ಸ್ವಲ್ಪ ಕಡಿಮೆಯಾಗಿದೆ” ಎಂದರು ಅವರು.